ಗೆರೆಯ ಆಚೆಗೆ ಬಿದ್ದ ಲೆಕ್ಕಗಳು

ನಮ್ಮಪ್ಪನನ್ನು ಕಳ್ಳ ಎಂದವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವನೇನು ಹೊರಗಿನವನಲ್ಲ. ಉಡುಮಲೈಪೇಟೆಯ ನಮ್ಮ ನೇಕಾರರ ಬೀದಿಯಲ್ಲಿ ಮನೆಮನೆಗೆ ನೂಲು ಕೊಟ್ಟು ಬಟ್ಟೆ ನೇಯಿಸಿಕೊಳ್ಳುತ್ತಿದ್ದ ಯಜಮಾನ. ನಾನು ಅವನನ್ನು ಮಾಮ ಎಂದೇ ಕರೆಯುತ್ತಿದ್ದೆ. ಅವನ ಮಗನಿಗೆ ನನ್ನನ್ನು ಕೇಳಿದ್ದರು. ಅಪ್ಪ ಒಪ್ಪದೆ, ಓದಲಿ ಎಂದು ಕೋಯಮತ್ತೂರಿನ ಅತ್ತೆಯ ಮನೆಗೆ ಕಳಿಸಿದ. ಊರ ಸುತ್ತ ನೂಲಿನ ಗಿರಣಿಗಳು ಒಂದೊಂದಾಗಿ ಏಳುತ್ತಿದ್ದ ಮೂವತ್ತರ ದಶಕ ಅದು. ಹೆಣ್ಣುಮಗಳು ಹೈಸ್ಕೂಲಿಗೆ ಹೋಗುವುದೇ ನಮ್ಮವರಲ್ಲಿ ಸೊಕ್ಕಿನ ಮಾತು.

ಅದರ ಸೇಡನ್ನು ಯಜಮಾನ ಹೀಗೆ ತೀರಿಸಿಕೊಂಡ. ಅಪ್ಪನಿಗೆ ಕೊಟ್ಟಿದ್ದು ಅರವತ್ತು ಲಡಿ, ಅಂದರೆ ಅರವತ್ತು ಕಟ್ಟು ನೂಲು. ಸೀರೆಗೆ ಮೂರು ಲಡಿ, ಪಂಚೆಗೆ ಎರಡು. ಇದು ಬೀದಿಗೆಲ್ಲ ಗೊತ್ತಿದ್ದ ಅಳತೆ. ಅಪ್ಪ ಹತ್ತು ಸೀರೆ, ಹದಿನೈದು ಪಂಚೆ ನೇಯ್ದು ಒಪ್ಪಿಸಿದ. ಗುಡಿಯ ಮುಂದೆ ಹತ್ತು ಜನ ಸೇರಿದ್ದಾಗ ಯಜಮಾನ, "ಇನ್ನೂ ಬಟ್ಟೆ ಬರಬೇಕಾಗಿತ್ತು. ಮಿಕ್ಕ ನೂಲು ಎಲ್ಲಿ ಮಾರಿದೆ?" ಎಂದ. ಇಷ್ಟು ಸೀರೆ, ಇಷ್ಟು ಪಂಚೆ ಬರಬೇಕಿತ್ತು ಎಂಬ ಅವನ ಲೆಕ್ಕ ತಪ್ಪೆಂದು ಅಪ್ಪ ತೋರಿಸಿದರೆ ಅವನು ಸೀರೆ ಇಳಿಸಿ ಪಂಚೆ ಏರಿಸುತ್ತಿದ್ದ. ಅದೂ ತಪ್ಪೆಂದರೆ ಪಂಚೆ ಇಳಿಸಿ ಸೀರೆ ಏರಿಸುತ್ತಿದ್ದ. ಮಾತು ನಿಧಾನದ ಅಪ್ಪ ಕೊನೆಗೆ ಸುಮ್ಮನಾದ. ಸುಮ್ಮನಾದದ್ದನ್ನೇ ಒಪ್ಪಿಗೆ ಎಂದುಕೊಂಡರು.

ಆಮೇಲೆ ಯಾರೂ ನೂಲು ಕೊಡಲಿಲ್ಲ. ಅಪ್ಪ ವಾಲ್ಪಾರೈ ಬೆಟ್ಟದ ಟೀ ತೋಟಕ್ಕೆ ಕೂಲಿಗೆ ಹತ್ತಿದ. ಚಳಿಜ್ವರ ಹಿಡಿದು ಇಳಿದು ಬಂದಾಗ ಅವನ ಕೈ ನಡುಗುತ್ತಿತ್ತು. ಲಾಳಿ ಎಸೆದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಅದನ್ನು ನೋಡಿದ ದಿನವೇ ನನ್ನೊಳಗೆ ಏನೋ ಕಲ್ಲಾಯಿತು.

ಆ ವರ್ಷ ಶಾಲೆಯಲ್ಲಿ ಟೀಚರಮ್ಮ ಗ್ರಾಫ್ ಹೇಳಿಕೊಟ್ಟರು. ಎರಡು ವಸ್ತು ಸೇರಿ ಒಂದು ಮಿತಿ ಮೀರಬಾರದು ಎಂದಿದ್ದರೆ ಮೊದಲು ಮಿತಿಯ ಗೆರೆ ಎಳೆಯಬೇಕು. ಆಮೇಲೆ ಎರಡಕ್ಕೂ ಸೊನ್ನೆ ಹಾಕಿ ನೋಡಬೇಕು; ಅದು ಮಿತಿಗೆ ಒಪ್ಪಿದರೆ ಆ ಸೊನ್ನೆಯ ಚುಕ್ಕಿ ಇರುವ ಕಡೆಯದೆಲ್ಲ ಆಗುವಂಥದ್ದು, ಆಚೆಯದು ಒಂದೂ ಆಗದು. ನಾನು ಪೆನ್ಸಿಲ್ಲಿನಿಂದ ಬಣ್ಣ ತುಂಬುತ್ತಾ ಇದ್ದೆ. ತಟ್ಟನೆ ಕೈ ನಿಂತಿತು. ಯಜಮಾನ ಎಷ್ಟು ಸಲ ಮಾತು ಬದಲಿಸಿದರೂ ಒಂದೇ ಗೆರೆ ಸಾಕು!

ರಜೆಗೆ ಬಂದವಳು, ಕುಲದವರು ಸೇರುವ ದಿನಕ್ಕೆ ಕಾದು, ಗುಡಿಯ ಅಂಗಳದಲ್ಲಿ ರಂಗೋಲಿಯ, ನಮ್ಮ ಬೀದಿಯ ಮಾತಲ್ಲಿ ಕೋಲದ, ಚುಕ್ಕಿ ಇಟ್ಟೆ. ಚುಕ್ಕಿಗೆ ಐದರ ಲೆಕ್ಕ. ಅಡ್ಡಕ್ಕೆ ಸೀರೆ, ಉದ್ದಕ್ಕೆ ಪಂಚೆ, ಅಂದರೆ ನಮ್ಮವರ ವೇಟ್ಟಿ. ಎಲ್ಲಾ ನೂಲೂ ಸೀರೆಗೇ ಹೋದರೆ ಇಪ್ಪತ್ತು, ಪಂಚೆಗೇ ಹೋದರೆ ಮೂವತ್ತು. ಆ ಎರಡು ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದೆ.

"ಏನ್ ಅಮ್ಮಣಿ, ಕೋಲ ಹಾಕ್ಕಂಡು ಕಣಕ್ಕು ಹೇಳ್ತೀಯಾ?" ಯಜಮಾನ ನಕ್ಕ.

"ಎಷ್ಟು ಬಟ್ಟೆ ಬರಬೇಕಿತ್ತು, ಲೆಕ್ಕ ನೀವೇ ಹೇಳಿ ಮಾಮ. ಆ ಲೆಕ್ಕದ ಚುಕ್ಕಿ ಮೇಲೆ ನಾನು ಹುಣಿಸೆಬೀಜ ಇಡ್ತೀನಿ."

"ಹದಿನೈದು ಸೀರೆ, ಹದಿನೈದು ವೇಟ್ಟಿ."

ಬೀಜ ಗೆರೆಯ ಆಚೆಗೆ ಬಿತ್ತು. "ಇದಕ್ಕೆ ಎಪ್ಪತ್ತೈದು ಲಡಿ ಬೇಕು. ನೀವು ಕೊಟ್ಟಿದ್ದು ಅರವತ್ತು."

"ಸರಿ, ಹತ್ತು ಸೀರೆ, ಇಪ್ಪತ್ತು ವೇಟ್ಟಿ."

ಅದೂ ಆಚೆಗೇ. ಅಪ್ಪ ಕೊಟ್ಟ ಹತ್ತು, ಹದಿನೈದು ಸರಿಯಾಗಿ ಗೆರೆಯ ಮೇಲೇ ಕೂತಿತ್ತು, ಒಂದೆಳೆಯೂ ಮಿಕ್ಕಿರಲಿಲ್ಲ. ಸುತ್ತ ನಿಂತವರು ಬಗ್ಗಿ ನೋಡುತ್ತಿದ್ದರು. ಯಜಮಾನ ಗೆರೆಯೊಳಗೆ ಬೀಳುವಂಥದ್ದು ಏನಾದರೂ ಹೇಳಬೇಕೆಂಬ ಆತುರದಲ್ಲಿ, "ಐದು ಸೀರೆ, ಹದಿನೈದು ವೇಟ್ಟಿ!" ಎಂದುಬಿಟ್ಟ.

"ಇದು ಒಳಗೇ ಇದೆ ಮಾಮ. ಆದ್ರೆ ಅಪ್ಪ ಕೊಟ್ಟಿದ್ದಕ್ಕಿಂತ ಕಮ್ಮಿ. ಹಂಗಾದ್ರೆ ಕಳ್ಳ ಅಂದಿದ್ಯಾಕೆ?"

ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಹಿರಿಯರು ಅವನ ಕಡೆ ತಿರುಗಿ, "ಹೇಳಪ್ಪ," ಎಂದರು.

"ನೂಲು ಸರಿಯಾಗಿ ಬಂದಿದೆ," ಎಂದ ನೆಲ ನೋಡುತ್ತಾ.

"ನೂಲಿನ ಮಾತಲ್ಲ," ಎಂದೆ. "ಕಳ್ಳ ಅಲ್ಲ ಅಂತ ಅಪ್ಪನ ಮುಖ ನೋಡಿ ಹೇಳಿ."

ಹೇಳಿದ. ಅಪ್ಪ ನಡುಗುವ ಕೈಯನ್ನು ಪಂಚೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ನಿಂತಿದ್ದ. ಮನೆಗೆ ಬರುವಾಗ, "ಇಷ್ಟು ಸಾಕು ಅಮ್ಮಣಿ," ಎಂದ.

ನನಗೆ ಸಾಕಾಗಲಿಲ್ಲ. ಆ ರಜೆಯೆಲ್ಲ ಯಜಮಾನನ ನೂಲು ತೆಗೆದುಕೊಳ್ಳುವ ಪ್ರತಿ ಮನೆಯ ಹೆಂಗಸರಿಗೂ ಆ ಗೆರೆ ಎಳೆಯುವುದನ್ನು ಕಲಿಸಿದೆ. ಅವನ ಬಾಯಿಬಡಾಯಿ ಯಾವ ಮನೆಯಲ್ಲೂ ನಡೆಯದಂತಾಯಿತು. ಮಗ್ಗಗಳು ಒಂದೊಂದಾಗಿ ಬೇರೆ ಯಜಮಾನರ ಕಡೆ ಹೋದವು. ಕಡೆಗೆ ಅವನು ಮನೆ ಖಾಲಿ ಮಾಡಿ ವೆಳ್ಳಕೋಯಿಲಿಗೆ ಹೊರಟ. ಗಾಡಿ ಬೀದಿ ದಾಟುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಅವನು ನನ್ನನ್ನು ನೋಡುವವರೆಗೂ ಒಳಗೆ ಹೋಗಲಿಲ್ಲ.