ಬಲಗೈ ಸಾಲು

ಆ ಕಚೇರಿಯಲ್ಲಿ ಅವಳ ಅಸಲಿ ಹೆಸರು ಹಾಜರಿ ಪುಸ್ತಕದೊಳಗೇ ನಿದ್ದೆ ಮಾಡುತ್ತಿರುತ್ತದೆ. ಎಲ್ಲರ ಬಾಯಲ್ಲೂ ಅವಳು ಸುಳಿ ಮೇಡಂ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ಭೂತಗನ್ನಡಿ ಹಿಡಿದು, ಕಂಡವರ ಬೆರಳ ತುದಿಯ ಸುಳಿಗಳನ್ನು ನೋಡುತ್ತ ಕುಳಿತವಳಿಗೆ ಇನ್ನೇನು ಹೆಸರಿಟ್ಟಾರು? ಬೀದಿಯಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ಅವಳು ಮೊದಲು ನೋಡುವುದು ಕೈಯನ್ನು, ಆಮೇಲೆ ಮುಖವನ್ನು. ಮುಖ ಮರೆತುಬಿಡುತ್ತಾಳೆ, ಕೈ ಮರೆಯುವುದಿಲ್ಲ.

ಒಂದೇ ಒಂದು ಕೈ ಮಾತ್ರ ಅವಳಿಗೆ ಸರಿಯಾಗಿ ನೆನಪಿಲ್ಲ. ಅದು ಅಪ್ಪನದು.

ನೆನಪಿರುವುದು ಇಷ್ಟು. ದಪ್ಪ ಬೆರಳುಗಳು, ಎಣ್ಣೆ ಮತ್ತು ಕಬ್ಬಿಣದ ವಾಸನೆ, ಬೆಚ್ಚಗಿನ ಒರಟು. ಅಪ್ಪ ಬೀಗ ರಿಪೇರಿಯವನು. ಮಾರುಕಟ್ಟೆಯ ಒಂದು ಮೆಟ್ಟಿಲಿನ ಕೆಳಗೆ, ನಿಂತರೆ ತಲೆ ತಾಗುವಷ್ಟು ಜಾಗದಲ್ಲಿ ಅವನ ಅಂಗಡಿ. ತಾಯಿ ಇಲ್ಲದ ಮಗು ಅಲ್ಲೇ, ಕೀಲಿಗಳ ಗೊಂಚಲಿನ ಕೆಳಗೆ ಕುಳಿತು ಬೆಳೆಯಿತು. ಗಾಳಿ ಬೀಸಿದರೆ ನೂರಾರು ಕೀಲಿಗಳು ಒಟ್ಟಿಗೆ ಸಣ್ಣಗೆ ಸದ್ದು ಮಾಡುತ್ತಿದ್ದವು. ಆ ಸದ್ದಿಗೆ ಅವಳಿಗೆ ನಿದ್ದೆ ಬರುತ್ತಿತ್ತು. ಐವತ್ತೊಂದರ ಈ ವಯಸ್ಸಿನಲ್ಲೂ ಯಾರಾದರೂ ಜೇಬಿನಲ್ಲಿ ಕೀಲಿ ಆಡಿಸಿದರೆ ಅವಳ ಕಣ್ಣು ಎಳೆಯುತ್ತದೆ.

ಅವಳಿಗೆ ಏಳು ವರ್ಷವಿದ್ದಾಗ ಯಾರೋ ಒಬ್ಬ ಬಂದು, ನಮ್ಮ ಮನೆ ಕೀಲಿ ಕಳೆದಿದೆ, ಬಂದು ತೆಗೆದುಕೊಡು ಎಂದು ಅಪ್ಪನನ್ನು ಕರೆದುಕೊಂಡು ಹೋದ. ಅಪ್ಪ ತೆಗೆದುಕೊಟ್ಟ. ಮನೆ ಬೇರೆಯವರದು. ಅಪ್ಪನಿಗೆ ಅದು ಗೊತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ಆ ಮನೆಯಲ್ಲಿ ಕಳವಾಗಿತ್ತು; ಬೀಗದ ಮೇಲೆ ಸಿಕ್ಕಿದ ಬೆರಳ ಗುರುತು ಅಪ್ಪನದು, ಕರೆದುಕೊಂಡು ಹೋದವನು ಗಾಳಿಯಲ್ಲಿ ಕರಗಿಹೋದವನು. ಮೂರು ವರ್ಷ ಶಿಕ್ಷೆಯಾಯಿತು.

ಠಾಣೆಯ ಆ ಬೆಳಗನ್ನು ಅವಳು ಎಷ್ಟು ಸಲ ನೆನೆದಿದ್ದಾಳೋ, ಈಗ ಅದು ನಡೆದದ್ದೋ ಕನಸೋ ಎಂಬಂತಾಗಿದೆ. ಎತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಮೇಜಿನ ಮೇಲೆ ಗಾಜಿನ ತಟ್ಟೆ, ಅದರ ಮೇಲೆ ಮಸಿ, ಮಸಿ ಹರಡುವ ಪುಟ್ಟ ರೋಲರ್. ಉಗುರೆಲ್ಲ ಕಪ್ಪಾದ ಒಬ್ಬ ಎಳೆಯ ಕಾನ್‌ಸ್ಟೇಬಲ್ ಅಪ್ಪನ ಬಲಗೈ ಕೇಳಿದ. ಕೀಲಿ ತಿರುಗಿಸುವ ಕೈ ಅದು. ಅದನ್ನು ಅವಳು ತನ್ನ ಎರಡೂ ಕೈಗಳಿಂದ ಅಪ್ಪಿ ಹಿಡಿದಿದ್ದಳು. ಬಿಡು ಎಂದರೆ ಬಿಡಲಿಲ್ಲ. ಅಪ್ಪ ಹೇಳಿದರೂ ಬಿಡಲಿಲ್ಲ. ಇನ್ನೊಬ್ಬನಾಗಿದ್ದರೆ ಗದರುತ್ತಿದ್ದ. ಈ ಕಾನ್‌ಸ್ಟೇಬಲ್ ಮಾತ್ರ ಅವಳ ಪುಟ್ಟ ಕೈಗಳನ್ನು ನೋಡಿ, "ಇರ್ಲಿ ಬಿಡಪ್ಪ, ಆ ಕೈ ಮಗು ಹತ್ರಾನೇ ಇರ್ಲಿ. ಮೊದ್ಲು ಈ ಕೈ ಕೊಡು," ಎಂದ. ಎಡಗೈ ಮುಗಿದ ಮೇಲೆ ಅವಳ ಹೆಬ್ಬೆರಳಿಗೂ ಒಂದಿಷ್ಟು ಮಸಿ ಹಚ್ಚಿ, ಹಾಳೆಯ ಚೂರೊಂದರ ಮೇಲೆ ಒತ್ತಿಸಿದ.

"ನೋಡು ಪುಟ್ಟಿ, ಇದು ನೀನು. ಇಡೀ ಪ್ರಪಂಚದಲ್ಲಿ ಇನ್ಯಾರ ಹತ್ರಾನೂ ಇದು ಇಲ್ಲ."

ಆ ಬೆರಗಿನಲ್ಲಿ ಅವಳ ಹಿಡಿತ ಸಡಿಲವಾಯಿತು. ಅಪ್ಪನ ಕೈ ಜಾರಿತು. ಆಮೇಲೆ ಆ ಕೈ ಅವಳಿಗೆ ಸಿಗಲಿಲ್ಲ.

ಅವಳನ್ನು ಸಾಕಿದ್ದು ಸೋದರತ್ತೆ. ಅತ್ತೆ ಪೊಲೀಸ್ ವಸತಿಗೃಹಗಳ ಬೆನ್ನಿಗೇ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಮೇಜು ಒಂದೇ, ಹಗಲು ಅದರ ಮೇಲೆ ಬಟ್ಟೆ, ರಾತ್ರಿ ಅದರ ಕೆಳಗೆ ಹಾಸಿಗೆ. ಅತ್ತೆಯ ಕೈಯೂ ಬಿಸಿ, ಬಾಯಿಯೂ ಬಿಸಿ. ಆದರೆ ಊರ ಬಾಯಿ ಅದಕ್ಕಿಂತ ಬಿಸಿಯಾಗಿತ್ತು. ತರಗತಿಯಲ್ಲಿ ಯಾರದಾದರೂ ಪೆನ್ಸಿಲ್ ಕಳೆದರೆ ಮೊದಲು ಜಾಲಾಡುತ್ತಿದ್ದುದು ಅವಳ ಚೀಲವನ್ನೇ. ಕೊನೆಗೆ ಅವಳೇ ಬೆಳಗ್ಗೆ ಬಂದ ಕೂಡಲೆ ಚೀಲ ಬಿಚ್ಚಿ ಬೆಂಚಿನ ಮೇಲೆ ಎಲ್ಲವನ್ನೂ ಸಾಲಾಗಿ ಜೋಡಿಸಿಡುವ ಅಭ್ಯಾಸ ಮಾಡಿಕೊಂಡಳು. ಹುಡುಕುವವರಿಗೂ ಸುಲಭ, ತನಗೂ ಸುಲಭ. ಕಳ್ಳನ ಮಗಳು ಎಂದು ಅಳುತ್ತ ಬಂದ ದಿನ ಅತ್ತೆ ಇಸ್ತ್ರಿ ಪೆಟ್ಟಿಗೆ ಕೆಳಗಿಡದೆಯೇ, ಐದು ಬೆರಳೂ ಒಂದೇ ಸಮ ಇರ್ತಾವೇನೇ, ಜನರೂ ಹಾಗೇ ಎಂದು ಹೇಳಿ ಇನ್ನೊಂದು ಅಂಗಿ ಎಳೆದುಕೊಂಡಳು. ಅದು ಸಮಾಧಾನವೋ ಬೈಗುಳವೋ ಅವಳಿಗೆ ತಿಳಿಯಲಿಲ್ಲ. ಆದರೂ ಅತ್ತೆ ಇರದಿದ್ದರೆ ಅವಳು ಯಾವ ಬೀದಿಯ ಪಾಲಾಗುತ್ತಿದ್ದಳೋ.

ಬಿಡುಗಡೆಯ ದಿನ ಇಬ್ಬರೂ ಜೈಲಿನ ಬಾಗಿಲಿಗೆ ಹೋದರು. ಅತ್ತೆ ಅವತ್ತು ಅಂಗಡಿ ಮುಚ್ಚಿದ್ದಳು. ಅದು ಸಾಮಾನ್ಯ ವಿಷಯವಲ್ಲ. ನಡತೆ ಚೆನ್ನಾಗಿತ್ತು ಎಂದು ಹಿಂದಿನ ದಿನವೇ ಬಿಟ್ಟಾಯಿತು ಎಂದರು ಅಲ್ಲಿನವರು. ಮನೆಗೆ ಬಂದು ಕಾದರು. ಆ ದಿನ, ಆ ವಾರ, ಆ ವರ್ಷ. ಯಾವ ಮುಖ ಹೊತ್ತುಕೊಂಡು ಬರ್ತಾನೆ ಎಂದು ಅತ್ತೆ ಒಮ್ಮೆ ಗೊಣಗಿದಳು. ಅವನ ಮುಖ ತೋರಿಸುವ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

ಉಗುರು ಕಪ್ಪಾದ ಆ ಕಾನ್‌ಸ್ಟೇಬಲ್ ಮಾತ್ರ ವಾರಕ್ಕೊಮ್ಮೆ ಸಮವಸ್ತ್ರ ಹಿಡಿದು ಇಸ್ತ್ರಿ ಅಂಗಡಿಗೆ ಬರುತ್ತಿದ್ದ. ಅಂಗಿಯ ತೋಳಿನಲ್ಲಿ ಯಾವಾಗಲೂ ಮಸಿ. ಅತ್ತೆ ಬೈದುಬೈದು ಅವನಿಗೆ ಮಸಿ ಮಾವ ಎಂಬ ಹೆಸರಿಟ್ಟಳು. ಇಸ್ತ್ರಿಯಾಗುವವರೆಗೆ ಮಾವ ಅವಳಿಗೆ ಗಣಿತ ಹೇಳಿಕೊಡುತ್ತಿದ್ದ, ಹೇಳಿಕೊಡಲು ಬಾರದಾಗ ಬೆರಳಚ್ಚಿನ ಕತೆ ಹೇಳುತ್ತಿದ್ದ. ಅವನು ಹೋದ ಮೇಲೆ ಅವಳು ಬೇರೆಯವರ ಸಮವಸ್ತ್ರದ ಬಿಸಿಬಿಸಿ ತೋಳಿನೊಳಗೆ ಮೆಲ್ಲನೆ ಕೈ ತೂರಿಸಿ, ಕಣ್ಣು ಮುಚ್ಚಿ ಕುಳಿತಿರುತ್ತಿದ್ದಳು. ಮಡಿಕೆ ಕೆಡುತ್ತೆ ಎಂದು ಅತ್ತೆ ಕೂಗುವವರೆಗೂ ಅವಳು ದೊಡ್ಡವಳಾಗಿರುತ್ತಿದ್ದಳು.

ದೊಡ್ಡವಳಾದ ಮೇಲೆ ನಿಜವಾಗಿಯೂ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದಳು. ಓಟದಲ್ಲಿ ಗೆದ್ದಳು, ಬರವಣಿಗೆಯಲ್ಲಿ ಗೆದ್ದಳು, ಸಂದರ್ಶನದಲ್ಲಿ ಕುಳಿತ ಅಧಿಕಾರಿ ಕಾಗದ ತಿರುವಿ, ತಂದೆ ಏನು ಮಾಡುತ್ತಿದ್ದರು ಎಂದು ಕೇಳಿದ. ಅವನಿಗೆ ಗೊತ್ತಿತ್ತು, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ಬೀಗ ರಿಪೇರಿ ಸರ್. ಒಂದು ಸಲ ಬೇರೆಯವರ ಬೀಗ ತೆಗೆದ್ರು. ಅವರ ಬೆರಳಚ್ಚು ನಿಮ್ಮಲ್ಲೇ ಇದೆ. ಬೇಕಾದ್ರೆ ನಂದೂ ತಗೊಳ್ಳಿ," ಎಂದಳು.

ಅಧಿಕಾರಿ ನಗಲಿಲ್ಲ, ಆದರೆ ಹೆಸರನ್ನೂ ಹೊಡೆದುಹಾಕಲಿಲ್ಲ. ಐದು ವರ್ಷ ಬೀದಿ ಬಂದೋಬಸ್ತಿನಲ್ಲಿ ನಿಂತು, ಇಲಾಖೆಯ ಪರೀಕ್ಷೆ ಬರೆದು, ಅವಳು ಬೆರಳಚ್ಚು ವಿಭಾಗಕ್ಕೆ ಬಂದಳು. ಅಷ್ಟರಲ್ಲಿ ಮಸಿ ಮಾವ ಅಲ್ಲಿ ಹಿರಿಯ ತಜ್ಞನಾಗಿದ್ದ. ತನ್ನ ಭೂತಗನ್ನಡಿಯನ್ನೇ ಅವಳ ಕೈಗಿತ್ತ.

ಅವಳು ಅಲ್ಲಿಗೆ ಬಂದ ಗುಟ್ಟು ಗೊತ್ತಿದ್ದುದು ಅವನಿಗೊಬ್ಬನಿಗೆ. ಅಪ್ಪನ ಹತ್ತು ಬೆರಳುಗಳು ಈ ಕಟ್ಟಡದಲ್ಲಿವೆ. ಫೋಟೋ ಇಲ್ಲ, ಪತ್ರ ಇಲ್ಲ, ಸಮಾಧಿ ಇಲ್ಲ. ಆ ಒಂದು ಹಾಳೆಯಷ್ಟೇ ಅಪ್ಪ. ಆದರೆ ಹುಡುಕುವುದು ಹೇಗೆ? ದಾಖಲೆ ಕೋಣೆಯಲ್ಲಿ ಹಾಳೆಗಳನ್ನು ಹೆಸರಿನ ಪ್ರಕಾರ ಇಡುವುದಿಲ್ಲ. ಬೆರಳಿನ ಗೆರೆ ಹೇಗಿದೆ, ಕುಣಿಕೆಯೋ, ಸುಳಿಯೋ, ಯಾವ ಕಡೆ ವಾಲಿದೆ ಎಂದು ನೋಡಿ ಅದಕ್ಕೆ ತಕ್ಕ ಗೂಡಿಗೆ ಸೇರಿಸುತ್ತಾರೆ. ಹೆಸರಿನ ಪುಸ್ತಕವನ್ನು ಗೆದ್ದಲು ಎಂದೋ ಓದಿ ಮುಗಿಸಿತ್ತು. ಹಾಗಾಗಿ ಅವಳು ಊಟದ ಬಿಡುವಿನಲ್ಲಿ ದಿನಕ್ಕೊಂದು ಕಟ್ಟು ಬಿಚ್ಚಿ, ಹೆಸರು ನೋಡಿ, ಮತ್ತೆ ಕಟ್ಟಿಡುತ್ತಿದ್ದಳು. ಮಧ್ಯಾಹ್ನದ ಬಿಸಿಲಿನಲ್ಲಿ ಧೂಳು ತೇಲುತ್ತಿರುತ್ತಿತ್ತು. ಭೂತಗನ್ನಡಿಯ ಕೆಳಗೆ ಗೆರೆಗಳು ಹೊಳೆಯ ನೀರಿನಂತೆ ಬಳಸಿ ಬಳಸಿ ಹರಿಯುತ್ತಿದ್ದವು. ಎಷ್ಟೋ ಸಲ ಅವಳಿಗೆ, ತಾನು ಆ ನೀರಿನ ದಡದಲ್ಲೇ ನಡೆಯುತ್ತಿದ್ದೇನೆ, ಇನ್ನೊಂದು ತಿರುವು ದಾಟಿದರೆ ಮೆಟ್ಟಿಲ ಕೆಳಗಿನ ಅಂಗಡಿ ಸಿಗುತ್ತದೆ ಎನಿಸುತ್ತಿತ್ತು.

ಮಾವ ನಿವೃತ್ತನಾದ. ಅತ್ತೆ ತೀರಿಕೊಂಡಳು. ಕಟ್ಟುಗಳು ಮುಗಿಯಲಿಲ್ಲ.

ಹೀಗಿರುವಾಗ ಈ ವರ್ಷ ಸುತ್ತೋಲೆ ಬಂತು. ಎಲ್ಲ ಹಾಳೆಗಳೂ ಕಂಪ್ಯೂಟರಿಗೆ ಹೋಗುತ್ತವೆ. ಆದರೆ ಎಂಬತ್ತು ತುಂಬಿದವರ ಹಳೆಯ ಹಾಳೆ ಯಾರಿಗೂ ಬೇಡ, ಚೂರು ಮಾಡಿ ವಿಲೇವಾರಿ ಮಾಡತಕ್ಕದ್ದು. ಹದಿನೈದು ದಿನ ಗಡುವು. ಅಪ್ಪ ಬದುಕಿದ್ದರೆ ಈ ವರ್ಷಕ್ಕೆ ಸರಿಯಾಗಿ ಎಂಬತ್ತು.

ಅವಳು ಊಟ ಬಿಟ್ಟಳು. ರಜೆ ಬಿಟ್ಟಳು. ಕೆಳಗಿನ ಅಂಗಳದಲ್ಲಿ ಹಾಳೆ ಚೂರು ಮಾಡುವ ಯಂತ್ರ ಬಂದು ನಿಂತಿತ್ತು, ಅದರ ಗೊರಗೊರ ಸದ್ದು ಮೇಲಿನವರೆಗೆ ಕೇಳುತ್ತಿತ್ತು. ಪ್ರತಿ ಸಂಜೆ ಮಸಿ ಮಾವ ಫೋನ್ ಮಾಡಿ, ಸಿಕ್ತೇನಮ್ಮ ಎಂದು ಕೇಳುತ್ತಿದ್ದ. ಹದಿಮೂರು ಸಂಜೆ ಅವಳು ಇಲ್ಲ ಎಂದಳು.

ಹದಿನಾಲ್ಕನೆಯ ಮಧ್ಯಾಹ್ನ ಉಳಿದದ್ದು ಮೂಲೆಯ ಗೂಡುಗಳು. ಸಾವಿರಕ್ಕೊಬ್ಬರಿಗೂ ಇರದ ವಿಚಿತ್ರ ಗೆರೆಯವರ ಹಾಳೆಗಳನ್ನು ಇಡುವ ಜಾಗ. ಅಪ್ಪನಂಥ ಸಾದಾ ಮನುಷ್ಯ ಅಲ್ಲೇಕೆ ಇರುತ್ತಾನೆ ಎಂದು ಅವಳು ಅವನ್ನು ಕೊನೆಗೆ ಬಿಟ್ಟಿದ್ದಳು. ಎರಡನೆಯ ಗೂಡಿನ ತೆಳ್ಳನೆಯ ಕಟ್ಟಿನಲ್ಲಿ ನಾಲ್ಕನೆಯ ಹಾಳೆ. ಶಾಲೆಯ ಹಾಜರಿಯಲ್ಲಿ ತನ್ನ ಹೆಸರಿನ ಪಕ್ಕ ಇರುತ್ತಿದ್ದ ಅದೇ ಹೆಸರು. ವೃತ್ತಿ, ಬೀಗ ರಿಪೇರಿ.

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ತಂದು ಕುಳಿತಳು. ಹತ್ತು ಬೆರಳೂ ಎದುರಿಗಿವೆ. ಏಳು ವರ್ಷದವಳಾಗಿ ಮನಸಾರೆ ಅತ್ತಳು.

ಅಳು ನಿಂತ ಮೇಲೆ ಇಪ್ಪತ್ತನಾಲ್ಕು ವರ್ಷದ ಅಭ್ಯಾಸ ಸುಮ್ಮನಿರಲಿಲ್ಲ. ಭೂತಗನ್ನಡಿ ಎತ್ತಿಕೊಂಡಳು. ಏನೋ ಸರಿಯಿಲ್ಲ. ಜನರ ಕುಣಿಕೆಗಳು ಸಾಮಾನ್ಯವಾಗಿ ಕಿರುಬೆರಳಿನ ಕಡೆ ವಾಲುತ್ತವೆ. ಇಲ್ಲಿ ಹತ್ತೂ ಹೆಬ್ಬೆರಳಿನ ಕಡೆ ವಾಲಿವೆ. ಹತ್ತೂ ಹಾಗಿರುವ ಮನುಷ್ಯನನ್ನು ಅವಳು ಕಂಡೇ ಇರಲಿಲ್ಲ. ಇದು ಎಡಬಲ ಚಪ್ಪಲಿ ಅದಲುಬದಲಾದ ಹಾಗೆ. ಹಾಳೆಯ ಮೇಲಿನ ಸಾಲು ಬಲಗೈಗೆ, ಕೆಳಗಿನದು ಎಡಗೈಗೆ. ಅಚ್ಚು ತೆಗೆಯುವವರ ಕೈಗೆ ಆ ಕ್ರಮ ಎಷ್ಟು ಅಭ್ಯಾಸವೆಂದರೆ ಕಣ್ಣು ಮುಚ್ಚಿಯೂ ಮೊದಲ ಕೈಯನ್ನು ಮೇಲಿನ ಸಾಲಿಗೆ ಒತ್ತುತ್ತಾರೆ. ಇಲ್ಲಿ ಮೊದಲು ಬಂದದ್ದು ಎಡಗೈ. ಅದು ಬಲಗೈ ಸಾಲಿನಲ್ಲಿ ಕುಳಿತಿದೆ. ಇಂಥ ತಪ್ಪು ಹಿಡಿಯಲೆಂದೇ ಹಾಳೆಯ ಕೆಳಗೆ ಒಂದೊಂದು ಕೈಯ ನಾಲ್ಕು ಬೆರಳನ್ನೂ ಒಟ್ಟಿಗೆ ಒತ್ತಿಸುತ್ತಾರೆ, ಇಲ್ಲಿ ಆ ಗುರುತು ಮಸಿ ಕಲಸಿ ಹೋಗಿತ್ತು. ಯಾರೂ ಹಿಡಿದಿರಲಿಲ್ಲ.

ಮೊದಲು ಎಡಗೈ ಯಾಕೆ ಬಂತು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಲಗೈಯನ್ನು ಅವಳೇ ಹಿಡಿದುಕೊಂಡಿದ್ದಳು.

ಹಾಳೆಯ ಮೂಲೆಯಲ್ಲಿ ಅಚ್ಚು ತೆಗೆದವನ ಪುಟ್ಟ ಸಹಿ. ಆ ಸಹಿ ಅವಳಿಗೆ ತನ್ನದರಷ್ಟೇ ಪರಿಚಯ.

ಅವಳು ಕೈಗಳನ್ನು ಅವುಗಳ ಸಾಲಿಗೆ ಸರಿಪಡಿಸಿ ಬರೆದುಕೊಂಡಳು. ಈಗ ಅಪ್ಪ ತೀರಾ ಸಾದಾ ಮನುಷ್ಯ. ಹಾಳೆ ಸರಿಪಡಿಸಿದರೆ ಗುರುತು ಸಿಗದ ಶವಗಳ ಬೆರಳಚ್ಚಿರುವ ಕಪಾಟಿನಲ್ಲಿ ಇನ್ನೊಮ್ಮೆ ನೋಡಬೇಕೆಂಬುದು ನಿಯಮ. ನಿಯಮಕ್ಕೆ ನೋಡಿದಳೋ, ಎದೆಯೊಳಗಿನ ಭಯಕ್ಕೆ ನೋಡಿದಳೋ, ಹೊತ್ತು ಇಳಿಯುವುದರೊಳಗೆ ಇನ್ನೊಂದು ಹಾಳೆ ಅವಳ ಕೈಯಲ್ಲಿತ್ತು. ಹದಿನೇಳು ವರ್ಷದ ಹಿಂದಿನದು. ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗಿದ್ದಲ್ಲೇ ತೀರಿಕೊಂಡ ಮುದುಕ. ಜೇಬಿನಲ್ಲಿ ಕೀಲಿ ಉಜ್ಜುವ ಒಂದು ಅರ, ಹತ್ತಾರು ಕೀಲಿಗಳು. ಹಿಂಬದಿಯಲ್ಲಿ ಬರಹ: ಎಲ್ಲ ಸಂಬಂಧಪಟ್ಟ ಗೂಡುಗಳಲ್ಲಿ ಹುಡುಕಲಾಗಿದೆ, ಪತ್ತೆ ಇಲ್ಲ. ಕೆಳಗೆ ಸಹಿ. ಅವಳದು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವವರನ್ನು ನೋಡಿ ಜನ ನಗುತ್ತಾರೆ. ಅವಳಿಗೆ ನಗು ಬರಲಿಲ್ಲ. ಆ ದಿನ ತಾನು ಅವಸರ ಮಾಡಿರಲಿಲ್ಲ, ಸಾದಾ ಗೆರೆಯವರ ಸರಿಯಾದ ಗೂಡುಗಳಲ್ಲೇ ಹುಡುಕಿದ್ದಳು; ಅಪ್ಪನ ಹಳೆಯ ಹಾಳೆ ಮೂಲೆಯ ಗೂಡಿನಲ್ಲಿತ್ತು. ಕೀಲಿಗಳೆಂಬ ಮಾತು ಓದಿ ಒಂದು ಕ್ಷಣ ಕಣ್ಣು ಎಳೆದದ್ದೂ ಈಗ ನೆನಪಾಯಿತು. ಅಪ್ಪನ ಹತ್ತು ಬೆರಳೂ ಅವಳ ಮೇಜಿನ ಮೇಲಿದ್ದವು, ಅವಳು ಇಲ್ಲ ಎಂದು ಬರೆದು ಕಳಿಸಿದ್ದಳು.

ಪಕ್ಕದ ಮೇಜಿನ ತಜ್ಞನ ಮುಂದೆ ಎರಡೂ ಹಾಳೆ ಇಟ್ಟು, ಇವರು ನನ್ನ ತಂದೆ, ಹಾಗಾಗಿ ನನ್ನ ಮಾತು ನಡೆಯಲ್ಲ, ನೀವೇ ನೋಡಿ ಹೇಳಿ ಎಂದಳು. ಅವನು ಅರ್ಧ ಗಂಟೆ ನೋಡಿದ. ಆಮೇಲೆ ಎದ್ದು ನಿಂತು, ಹೊಂದುತ್ತೆ ಮೇಡಂ ಎಂದ.

ಸಂಜೆ ಎಂದಿನ ಹೊತ್ತಿಗೆ ಫೋನ್ ಬಂತು.

"ಸಿಕ್ತೇನಮ್ಮ?"

"ಸಿಕ್ತು ಮಾವ."

 ಆ ಕಡೆಯಿಂದ ಮಾವ ಮೆಲ್ಲನೆ, "ಅಚ್ಚು ಚೆನ್ನಾಗಿ ಬಂದಿತ್ತಾ? ನಾನು ಆಗಿನ್ನೂ ಹೊಸಬ. ನೀನು ಬೇರೆ ಕೈ ಬಿಡ್ತಾನೇ ಇರ್ಲಿಲ್ಲ," ಎಂದ.

ಅವಳ ನಾಲಿಗೆಯ ತುದಿಯಲ್ಲಿ ಎಲ್ಲವೂ ಇತ್ತು. ಆದರೆ ಏಳು ವರ್ಷದ ಹುಡುಗಿಯ ಮೇಲೆ ಆ ಠಾಣೆಯಲ್ಲಿ ಕರುಣೆ ತೋರಿದವನು ಇವನೊಬ್ಬನೇ. ಆ ಕರುಣೆ ತಪ್ಪು ಸಾಲಿಗೆ ಹೋಗಿ ಕುಳಿತರೆ ಅವನೇನು ಮಾಡಬೇಕು?

"ಹತ್ತೂ ಬೆರಳು ಸ್ಪಷ್ಟವಾಗಿವೆ ಮಾವ," ಎಂದಳು. ಅದು ಸುಳ್ಳೇನೂ ಆಗಿರಲಿಲ್ಲ.

ಫೋನ್ ಇಟ್ಟು, ಬಸ್ ನಿಲ್ದಾಣದ ಮುದುಕನ ಕಡತ ತೆರೆದಳು. ಹೆಸರಿನ ಜಾಗದಲ್ಲಿ ಅಪರಿಚಿತ ಎಂಬುದನ್ನು ಹೊಡೆದುಹಾಕಿ ಅಪ್ಪನ ಹೆಸರು ಬರೆದಳು. ವಾರಸುದಾರರು ಎಂಬಲ್ಲಿ ಯಾರೋ ಗೆರೆ ಎಳೆದಿದ್ದರು. ಅದರ ಮೇಲೆ, ಮಗಳು ಎಂದು ಬರೆದಳು. ಕೆಳಗೆ, ಸಹಿ ಅಥವಾ ಹೆಬ್ಬೆರಳಿನ ಗುರುತು ಎಂದಿತ್ತು. ಪೆನ್ನು ತೆಗೆದವಳು ಅದನ್ನು ಪಕ್ಕಕ್ಕಿಟ್ಟಳು. ಗಾಜಿನ ತಟ್ಟೆ ಎಳೆದುಕೊಂಡು, ಮಸಿ ಹರಡಿ, ತನ್ನ ಬಲಗೈ ಹೆಬ್ಬೆರಳನ್ನು ಅಲ್ಲಿ ಒತ್ತಿ ಹಿಡಿದಳು. ಬಹಳ ಹೊತ್ತು ತೆಗೆಯಲಿಲ್ಲ.