ಡಿಕ್ಕಿಯಿಂದ ಇಳಿಸಿಟ್ಟ ಸ್ಟೆಪ್ನಿ

ಕಾರಿನ ಹುಚ್ಚಿರುವವನಿಗೆ ಡಿಕ್ಕಿ ಎಷ್ಟು ದೊಡ್ಡದಿರಬೇಕು? ಒಂದು ಟವೆಲ್ಲು, ಒಂದು ಟೂತ್‌ಬ್ರಷ್ ಹಿಡಿಸಿದರೆ ಸಾಕು ಎಂದು ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕ್ ಪಕ್ಕದ ಜರ್ಸಿ ಸಿಟಿಯ ನಮ್ಮ ಬಿಲ್ಡಿಂಗಿನವರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು. ನನ್ನದು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡ್, ಆದರೆ ನನ್ನಷ್ಟೇ ಚುರುಕು. ಮೇಲಿನ ಮಹಡಿಯ ಮೈಸೂರಿನ ಡಾಕ್ಟರದು ಮಂಚದಂಥ ಸ್ಟೇಷನ್ ವ್ಯಾಗನ್. ಒಮ್ಮೆ ಅದರ ಹಿಂದೆ ‘ಸ್ಕೂಲ್ ಬಸ್’ ಎಂದು ಬರೆದ ರಟ್ಟು ಅಂಟಿಸಿದ್ದೆ. ಪಾಪ, ಎರಡು ದಿನ ಹಾಗೇ ಆಸ್ಪತ್ರೆಗೆ ಓಡಾಡಿದರು.

ಧಾರವಾಡದವನಾದ ನನ್ನ ರೂಮ್‌ಮೇಟ್ ತನ್ನ ಮದುವೆಗೆಂದು ಊರಿಗೆ ಹೊರಟ. ಮುಹೂರ್ತಕ್ಕೆ ನಾಲ್ಕೇ ದಿನ. ವಾರಕ್ಕೊಂದೇ ಹೊರಡುವ ಅಗ್ಗದ ಚಾರ್ಟರ್ ವಿಮಾನ, ಅದು ತಪ್ಪಿದರೆ ಮುಹೂರ್ತವೂ ತಪ್ಪಿದಂತೆ.

“ವ್ಯಾಗನ್‌ನಲ್ಲಿ ಬಿಡ್ತೀನಪ್ಪ. ಹೇಗೂ ನಿನ್ನ ಕಳಿಸೋಕೆ ನಾವೆಲ್ಲ ಏರ್‌ಪೋರ್ಟಿಗೆ ಬರ್ತೀವಲ್ಲ,” ಎಂದರು ಡಾಕ್ಟರು.

“ಮದುಮಗ ಸ್ಕೂಲ್ ಬಸ್ಸಲ್ಲಿ ಹೋಗ್ತಾನಾ ಸಾರ್? ನನ್ನ ಕಾರಲ್ಲೇ ಬರ್ತಾನೆ, ಸೂಟ್‌ಕೇಸ್ ಸಮೇತ,” ಎಂದೆ.

ಒಂದು ಸೂಟ್‌ಕೇಸ್ ಡಿಕ್ಕಿಗೆ ಹೋಯಿತು. ಎರಡನೆಯದು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಡಾಕ್ಟರು ಮೇಲಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ನಾನು ಸೋಲುವುದುಂಟೇ? ರೂಮ್‌ಮೇಟ್ ಪಾಸ್‌ಪೋರ್ಟ್ ತರಲು ಒಳಗೆ ಹೋದಾಗ ಸ್ಟೆಪ್ನಿಯನ್ನೂ ಜಾಕನ್ನೂ ತೆಗೆದು ಲಾಂಡ್ರಿ ರೂಮಿನ ಬಾಗಿಲಲ್ಲಿಟ್ಟೆ. ಡಿಕ್ಕಿ ಮುಚ್ಚಿಕೊಂಡಿತು. ಕಿಟಕಿಯತ್ತ ನೋಡಿ ಮೀಸೆ ತಿರುವಿದೆ.

ಟನಲ್ ದಾಟಿ, ಮ್ಯಾನ್‌ಹಟನ್ ದಾಟಿ, ಕ್ವೀನ್ಸ್‌ನ ಹೈವೇ ಹಿಡಿದಿದ್ದೆವು. ವಿಮಾನಗಳು ತಲೆಯ ಮೇಲೇ ಇಳಿಯುತ್ತಿದ್ದವು. ಆಗ ಹಿಂದಿನ ಚಕ್ರ ಪಟಪಟ ಬಡಿದುಕೊಂಡಿತು. ಪಂಕ್ಚರ್.

“ಲಗೂ ಸ್ಟೆಪ್ನಿ ತಗಿ.”

“ಇಲ್ಲ ಕಣೋ. ಮನೇಲಿ ಬಿಟ್ಟೆ.”

ಅವನು ನಕ್ಕುಬಿಟ್ಟ. “ಸಾಕ್ ಮಾಡಲೇ ನಿನ್ನ ಚ್ಯಾಷ್ಟಿ. ಎಲ್ಲಿ ಮುಚ್ಚಿಟ್ಟೀ?”

ಎರಡು ವರ್ಷ ನನ್ನ ಕೀಟಲೆ ಸಹಿಸಿದವನು ನಂಬುವುದಾದರೂ ಹೇಗೆ? ತಾನೇ ಡಿಕ್ಕಿ ತೆಗೆದು ಎರಡೂ ಸೂಟ್‌ಕೇಸ್ ಎಳೆದು ಹಾಕಿದ. ಬರೀ ತಗಡು. ಅವನ ಮುಖ ಬಿಳಿಚಿಕೊಂಡಿತು.

“ನನ್ನ ಲಗ್ನದಾಗ ಹಿಂಗ್ ಮಾಡಿದೆಲ್ಲೋ...”

ವಿಮಾನಕ್ಕೆ ಇನ್ನು ಒಂದು ಗಂಟೆ. ಕೈ ಅಡ್ಡ ಹಿಡಿದೆ, ಕುಣಿದೆ, ಯಾವ ಟ್ಯಾಕ್ಸಿಯೂ ನಿಲ್ಲಲಿಲ್ಲ. ಅವನು ನನ್ನತ್ತ ನೋಡದೆ ಎರಡು ಕೈಯಲ್ಲೂ ಸೂಟ್‌ಕೇಸ್ ಹಿಡಿದು ರಸ್ತೆಯಂಚಿನಲ್ಲಿ ನಡೆಯತೊಡಗಿದ. ಲಾರಿಗಳ ಗಾಳಿಗೆ ತೂರಾಡುತ್ತಿದ್ದ. ಹಿಂದೆ ಓಡಿದೆ. ಬಾಯಲ್ಲಿ ಒಂದು ಜೋಕೂ ಹುಟ್ಟಲಿಲ್ಲ.

ಅಷ್ಟರಲ್ಲಿ ಹಾರ್ನ್ ಕೇಳಿಸಿತು. ವ್ಯಾಗನ್! ಡಾಕ್ಟರು, ಅವರ ಹೆಂಡತಿ, ಮೂರು ಮಕ್ಕಳು.

“ಡ್ಯಾಡ್, ಈಸ್ ಹಿ ದ ಸ್ಕೂಲ್ ಬಸ್ ಅಂಕಲ್?” ಎಂದಿತು ಚಿಕ್ಕದು.

ಡಾಕ್ಟರು ಹಿಂಬಾಗಿಲು ತೆಗೆದರು. ಒಳಗೆ ನನ್ನ ಸ್ಟೆಪ್ನಿ, ಪಕ್ಕದಲ್ಲಿ ಜಾಕು. “ಲಾಂಡ್ರಿ ರೂಮ್ ಹತ್ರ ಬಿದ್ದಿತ್ತು. ಯಾರಾದ್ರೂ ಹೊತ್ಕೊಂಡು ಹೋಗ್ತಾರೆ ಅಂತ ತಂದೆ,” ಎಂದರು. ಅವನ್ನಿಳಿಸಿದ ಜಾಗಕ್ಕೆ ಸೂಟ್‌ಕೇಸ್‌ಗಳು ಹೋದವು. ಮಕ್ಕಳು ಒತ್ತರಿಸಿಕೊಂಡು ಮದುಮಗನಿಗೆ ಜಾಗ ಕೊಟ್ಟರು. “ನಿಮಗೆ ಜಾಗ ಇಲ್ಲಪ್ಪ,” ಎಂದು ಹೊರಟೇಬಿಟ್ಟರು.

ಚಕ್ರ ಬದಲಿಸಿ ಏರ್‌ಪೋರ್ಟ್ ತಲುಪುವಷ್ಟರಲ್ಲಿ ಅವರೆಲ್ಲ ಹೊರಗೆ ಬರುತ್ತಿದ್ದರು. ಕಾರಿನಿಂದಿಳಿದು ಅವರತ್ತ ಓಡಿದೆ.

“ಹತ್ತಿದ. ಕೊನೆಯವನಾಗಿ,” ಎಂದರು ಡಾಕ್ಟರ ಹೆಂಡತಿ.

ಈಗ ಡಿಕ್ಕಿಯ ಮಾತು ಬಂದರೆ ನನ್ನ ಪಾಠ ಸ್ವಲ್ಪ ಬದಲಾಗಿದೆ: ಟವೆಲ್ಲು, ಟೂತ್‌ಬ್ರಷ್, ಸ್ಟೆಪ್ನಿ. ಉಳಿದದ್ದಕ್ಕೆ ಮೇಲಿನ ಮಹಡಿಯಲ್ಲಿ ಒಬ್ಬ ಡಾಕ್ಟರಿರಬೇಕು.