ಬಿಗಿ ಭಾವನ ಗ್ಯಾರೇಜು ಬಾಗಿಲು

ನಮ್ಮ ಭಾವನಿಗೆ ಜನ ಇಟ್ಟ ಹೆಸರು ಬಿಗಿ ಟೈಲರ್. ಹೆಸರು ಸುಮ್ಮನೆ ಬಂದದ್ದಲ್ಲ. ಅವರಲ್ಲಿ ಟ್ರಯಲ್‌ಗೆಂದು ಕೋಟು ತೊಟ್ಟವರು ಸೀನು ಬಂದರೂ ತಡೆದುಕೊಳ್ಳುತ್ತಾರೆ, ಎಲ್ಲಿ ಗುಂಡಿ ಹಾರಿ ಎದುರಿನವರ ಕಣ್ಣಿಗೆ ಬಡಿಯುತ್ತದೋ ಎಂಬ ಭಯ. ಆದರೆ ಅದೇ ಕೋಟನ್ನು ನಾಲ್ಕು ದಿನ ಬಿಟ್ಟು ಒಯ್ಯಲು ಬಂದಾಗ ಅದು ಮೈಮೇಲೆ ಹಾಯಾಗಿ ಕೂರುತ್ತದೆ. ಬಿಗಿ ಟೈಲರ್ ಬಟ್ಟೆ ನಾಲ್ಕು ದಿನ ನೇತು ಹಾಕಿದರೆ ತಾನೇ ಸರಿಹೋಗುತ್ತದೆ ಎಂದು ಗಿರಾಕಿಗಳೆಲ್ಲ ನಂಬಿಬಿಟ್ಟಿದ್ದಾರೆ. ತಾನೇ ಸರಿಹೋಗುವುದಕ್ಕೆ ಅದೇನು ನೆಗಡಿಯೇ? ಅದು ಸರಿಹೋಗುತ್ತಿದ್ದದ್ದು ನನ್ನ ಅಕ್ಕನ ಕೈಯಿಂದ.

ಅಕ್ಕ ಎಂದರೆ ಭಾವನ ಹೆಂಡತಿ. ನಾನು ಎದುರು ಮನೆಯವಳು. ಭಾವನ ಅಂಗಡಿಯಲ್ಲಿ ಕಾಜಾ ಹಾಕುವುದು, ಗುಂಡಿ ಹೊಲಿಯುವುದು ನನ್ನ ಕೆಲಸ. ಅದು ಹೊರಗೆ ಹೇಳುವ ಕೆಲಸ. ಒಳಗಿನ ಕೆಲಸ ಬೇರೆಯೇ ಇತ್ತು. ಭಾವ ಒಂದು ಬಟ್ಟೆ ಹೊಲಿದು ಮುಗಿಸಿದ ಕೂಡಲೇ ಚಪ್ಪಲಿ ಮೆಟ್ಟಿ, ಗುಂಡಿ ತರುತ್ತೇನೆ ಎಂದು ಪೇಟೆಗೆ ಹೊರಡುತ್ತಾರೆ. ಅವರ ಬೆನ್ನು ತಿರುವಿನಲ್ಲಿ ಮರೆಯಾಯಿತೋ ಇಲ್ಲವೋ, ಅಕ್ಕ ಮಿಷನ್ ಮುಂದೆ ಕೂತು ಪಕ್ಕದ ಹೊಲಿಗೆ ಬಿಚ್ಚಿ, ಸರಿಯಾಗಿ ಒಂದು ಬೆರಳಗಲ ಬಟ್ಟೆ ಸಡಿಲ ಬಿಟ್ಟು, ಮತ್ತೆ ಹೊಲಿದು, ಇಸ್ತ್ರಿ ಹೊಡೆದು, ಇದ್ದ ಕಡೆಯೇ ನೇತು ಹಾಕುತ್ತಾಳೆ. ನಾನು ಗೇಟಿನ ಹತ್ತಿರ ಕಾವಲು. ಭಾವನ ತಲೆ ತಿರುವಿನಲ್ಲಿ ಕಂಡರೆ ಕೆಮ್ಮಬೇಕು. ಇಪ್ಪತ್ತೆರಡು ವರ್ಷ ಕೆಮ್ಮಿದ್ದೇನೆ. ಪಕ್ಕದ ಮನೆಯವರು ನನಗೆ ಎದೆಯ ಫೋಟೋ ತೆಗೆಸಲು ಹೇಳುತ್ತಲೇ ಇರುತ್ತಾರೆ.

ಇಷ್ಟೆಲ್ಲ ಕಳ್ಳಾಟ ಯಾಕೆ, ಬಾಯಿಬಿಟ್ಟು ಹೇಳಬಾರದೇ ಅನ್ನಬಹುದು. ಅಕ್ಕನ ಮದುವೆಯಾದ ಹೊಸದರಲ್ಲಿ ಒಬ್ಬ ಗಿರಾಕಿ ಕೋಟು ವಾಪಸು ತಂದು, ಕಂಕುಳಲ್ಲಿ ಹಿಡಿಯುತ್ತದೆ ಎಂದು ನಾಲ್ಕು ಜನರೆದುರು ಹೇಳಿ ಹೋದ. ಭಾವ ಕತ್ತರಿಯನ್ನು ಡ್ರಾಯರಿನಲ್ಲಿಟ್ಟರು. ಎಂಟು ದಿನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಊಟಕ್ಕೆ ಕೂತರೆ ತಮ್ಮ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರಂತೆ. ಅದನ್ನು ಅಕ್ಕನಿಗೆ ನೋಡಲಾಗಲಿಲ್ಲ. ಒಂಬತ್ತನೆಯ ದಿನದಿಂದ ಶುರುವಾದದ್ದು ಈ ಒಂದು ಬೆರಳಿನ ವ್ಯವಹಾರ. ಇದೇನಾದರೂ ಗೊತ್ತಾದರೆ ಅವರು ಮತ್ತೆ ಕತ್ತರಿ ಮುಟ್ಟುವುದಿಲ್ಲ ಕಣೇ ಎಂದು ಅಕ್ಕ ನನ್ನ ಕೈ ಹಿಡಿದು ಹೇಳುತ್ತಿದ್ದಳು. ಅವಳಿಗೆ ಬೇರೆ ಯಾವ ಭಯವೂ ಇರಲಿಲ್ಲ. ಜಿರಲೆಯನ್ನು ಕೈಯಲ್ಲೇ ಹಿಡಿದು ಆಚೆ ಹಾಕುವವಳು ಅವಳು.

ಹೋದ ವರ್ಷ ಭಾವ ಅಂಗಡಿಯನ್ನು ನಡುಮನೆಯಿಂದ ಮನೆಯ ಮುಂದಿನ ಗ್ಯಾರೇಜಿಗೆ ತಂದರು. ಅವರ ಬಳಿ ಕಾರಿಲ್ಲ, ಸೈಕಲ್ ಹೊಡೆಯಲೂ ಬರುವುದಿಲ್ಲ. ಮನೆಯ ಹಿಂದಿನ ಯಜಮಾನರು ಶೋಕಿಯವರು, ಗ್ಯಾರೇಜಿಗೆ ಗುಂಡಿ ಒತ್ತಿದರೆ ಏಳುವ ಬಾಗಿಲು ಹಾಕಿಸಿದ್ದರು. ಸೂರಿನ ಕೆಳಗೆ ಉದ್ದಕ್ಕೆ ಒಂದು ಕಬ್ಬಿಣದ ಪಟ್ಟಿ, ಅದರ ತುದಿಗೆ ಮೋಟಾರಿನ ಡಬ್ಬ, ಪಟ್ಟಿಯ ಗುಂಟ ಹಲ್ಲುಹಲ್ಲಿನ ರಬ್ಬರ್ ಬೆಲ್ಟು. ಬೆಲ್ಟು ಒಂದು ಕೊಂಡಿಯನ್ನು ಎಳೆಯುತ್ತದೆ, ಕೊಂಡಿ ಬಾಗಿಲನ್ನು ಎಳೆಯುತ್ತದೆ. ಆ ಗ್ಯಾರೇಜಿಗೆ ಅದೊಂದೇ ಬಾಗಿಲು. ಬಿಟ್ಟರೆ ಗೋಡೆಯ ಮೇಲೆ ಸರಳು ಹಾಕಿದ ಚಿಕ್ಕ ಕಿಟಕಿ.

ಬೆಲ್ಟು ಹಳೆಯದಾಗಿ ಜೋಲುಬಿದ್ದಿತ್ತು. ಬಾಗಿಲು ಎದ್ದಾಗ, ಇಳಿದಾಗ ಪಟ್ಟಿಗೆ ಪಟಪಟ ಬಡಿಯುತ್ತಿತ್ತು. ಸಡಿಲ ಎನ್ನುವುದನ್ನು ಭಾವ ಕಣ್ಣಿನಿಂದಲೂ ಸಹಿಸುವವರಲ್ಲ, ಇದಂತೂ ಕಿವಿಗೂ ಬಡಿಯುತ್ತಿತ್ತು. ಆದರೂ ವರ್ಷವಿಡೀ ಹಲ್ಲು ಕಚ್ಚಿಕೊಂಡಿದ್ದರು. ಕೊನೆಗೆ ಅವರನ್ನು ಮೇಜು ಹತ್ತಿಸಿದ್ದು ಹೆಡ್‌ಮೇಷ್ಟ್ರು.

ಹೆಡ್‌ಮೇಷ್ಟ್ರ ಶಾಲೆಯ ಬ್ಯಾಂಡಿಗೆ ನಲವತ್ತು ಕೋಟು ಬೇಕಿತ್ತು. ಅಷ್ಟು ದೊಡ್ಡ ಕೆಲಸ ಭಾವನ ಕೈಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಮೊದಲು ನನಗೊಂದು ಹೊಲಿಯಿರಿ, ಅದನ್ನು ತೊಟ್ಟು ಉಸಿರಾಡಲು ಆದರೆ ನಲವತ್ತೂ ನಿಮ್ಮದೇ ಎಂದು ಅವರು ಹೇಳಿ ಹೋಗಿದ್ದರು. ಟ್ರಯಲ್‌ನಲ್ಲಿ ಅವರಿಗೆ ಉಸಿರಾಡಲು ಆಗಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಹೊಟ್ಟೆ ಎಳೆದುಕೊಂಡು ನಿಂತಿದ್ದರು ಪಾಪ. ಭಾವ ಗುಂಡಿ ತರಲು ಹೋದರು. ಅಕ್ಕ ಹೊಲಿಗೆ ಬಿಟ್ಟಳು. ನಾನು ಕೆಮ್ಮಿದೆ.

ಅವರು ಕೋಟು ಒಯ್ಯಲು ಬರುವ ದಿನ ಬೆಳಿಗ್ಗೆ ಎಂಟಕ್ಕೇ ಭಾವ ಸ್ಪ್ಯಾನರ್ ಹಿಡಿದು ಬಟ್ಟೆ ಕತ್ತರಿಸುವ ಮೇಜು ಹತ್ತಿದರು. ಮೇಷ್ಟ್ರು ಬಂದಾಗ ಬಾಗಿಲು ಪಟಪಟ ಅನ್ನಬಾರದಂತೆ. ಮೋಟಾರಿನ ಡಬ್ಬಕ್ಕೆ ಅಂಟಿಸಿದ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. ಬೆಲ್ಟು ನಡುವಿನಲ್ಲಿ ಒಂದು ಬೆರಳಿನಷ್ಟು ಇಳಿದಿರಬೇಕು ಎಂದು ಅದರಲ್ಲಿ ಚಿತ್ರ ಸಮೇತ ಇತ್ತು. ಭಾವ ಅದನ್ನು ಗಟ್ಟಿಯಾಗಿಯೇ ಓದಿದರು. ಓದಿದ ಮೇಲೆ ನಟ್ಟು ತಿರುಗಿಸಿದರು, ಇನ್ನೂ ತಿರುಗಿಸಿದರು, ಬೆಲ್ಟು ಗೆರೆ ಎಳೆದಂತೆ ನೆಟ್ಟಗಾಗುವ ತನಕ ತಿರುಗಿಸಿದರು. ಕೆಳಗಿಳಿದು ಕೈ ತೊಳೆದು, ಚಪ್ಪಲಿ ಮೆಟ್ಟಿ, ಗುಂಡಿ ತರುತ್ತೇನೆ ಎಂದು ಹೊರಟರು.

ಅಕ್ಕ, ನಾನು ಕತ್ತೆತ್ತಿ ನೋಡಿದೆವು. ಅಕ್ಕನ ಕೈ ಸುಮ್ಮನಿರಬೇಕಲ್ಲ. ಸ್ಪ್ಯಾನರ್ ಎತ್ತಿಕೊಂಡು ಸ್ಟೂಲಿನ ಮೇಲೆ ಒಂದು ಕಾಲಿಟ್ಟೇಬಿಟ್ಟಳು. ನಾನು ಸೆರಗು ಹಿಡಿದು ಎಳೆದೆ. ಇದು ರವಿಕೆಯಲ್ಲ, ಮೋಟಾರು, ಏನಾದರೂ ಹೆಚ್ಚುಕಡಿಮೆಯಾದರೆ ಮೇಷ್ಟ್ರ ಎದುರು ಮರ್ಯಾದೆ ಹೋಗುತ್ತದೆ ಎಂದು ಬುದ್ಧಿ ಹೇಳಿದೆ. ಜೀವನದಲ್ಲಿ ನಾನು ಕೊಟ್ಟ ಒಂದೇ ಒಂದು ಬುದ್ಧಿಮಾತು ಅದು. ಅಕ್ಕ ಕೇಳಿದಳು. ಭಾವ ಬಂದು ಇನ್ನೊಂದು ಸುತ್ತು ಬಿಗಿ ಮಾಡದಿರಲಿ ಎಂದು ಸ್ಪ್ಯಾನರನ್ನು ಅಡುಗೆಮನೆಗೆ ಒಯ್ದು ಪಾತ್ರೆಗಳ ಹಿಂದೆ ಇಟ್ಟಳು. ಭಾವ ತಿರುಗಿ ಬಂದವರು ಬೆಲ್ಟಿನ ಕಡೆ ಕತ್ತೆತ್ತಿಯೂ ನೋಡಲಿಲ್ಲ.

ಒಂಬತ್ತೂವರೆಗೆ ಹೆಡ್‌ಮೇಷ್ಟ್ರು ಬಂದರು. ಹತ್ತಕ್ಕೆ ಶಾಲೆಯ ಗಂಟೆ, ಬೇಗ ಬೇಗ ಎಂದರು. ಬಾಗಿಲು ಪಟಪಟ ಅನ್ನಲಿಲ್ಲ ನಿಜ, ಆದರೆ ಭಾರ ಹೊತ್ತವರು ನರಳುವ ಹಾಗೆ ನರಳುತ್ತ ಎದ್ದಿತು. ಮೇಷ್ಟ್ರಿಗೆ ಹೊಟ್ಟೆಯ ವಿಷಯದಲ್ಲಿ ಬಹಳ ನಾಚಿಕೆ. ಬೀದಿಗೆ ಕಾಣುವ ಹಾಗೆ ಕೋಟು ತೊಡುವವರಲ್ಲ. ಭಾವ ಬಾಗಿಲು ಇಳಿಸಿದರು. ಒಳಗೆ ಮೇಷ್ಟ್ರು, ಭಾವ ಮತ್ತು ಮಡಿಲಲ್ಲಿ ಗುಂಡಿ ಡಬ್ಬ ಇಟ್ಟುಕೊಂಡ ನಾನು.

ಕೋಟು ತೊಟ್ಟ ಮೇಷ್ಟ್ರು ಮೊದಲು ಹೆದರಿ ಹೆದರಿ ಉಸಿರೆಳೆದರು. ಏನೂ ಆಗಲಿಲ್ಲ. ಕೈ ಎತ್ತಿದರು, ಬಗ್ಗಿದರು, ಸ್ಟೂಲಿನ ಮೇಲೆ ಕೂತು ಎದ್ದರು, ಬ್ಯಾಂಡಿನ ಮುಂದೆ ಕೋಲು ಬೀಸುವವರ ಹಾಗೆ ಕೈ ಬೀಸಿಕೊಂಡು ಗ್ಯಾರೇಜಿನ ಉದ್ದಕ್ಕೂ ನಡೆದರು. ನಲವತ್ತೂ ನಿಮ್ಮದೇ ಟೈಲರೇ ಎಂದರು. ಭಾವ ನೆಲ ನೋಡಿಕೊಂಡು ನಕ್ಕರು. ನನಗೆ ಎಷ್ಟು ಸಂತೋಷವಾಯಿತೆಂದರೆ ಸುಮ್ಮನೆ ಒಂದು ಸಲ ಕೆಮ್ಮಿದೆ.

ಭಾವ ಗುಂಡಿ ಒತ್ತಿದರು. ಬಾಗಿಲು ಒಂದು ಗೇಣು ಎದ್ದು ನಿಂತುಬಿಟ್ಟಿತು. ಮೋಟಾರು ಗೊರ ಗೊರ ಎಂದು ಸುಮ್ಮನಾಯಿತು. ಮತ್ತೆ ಒತ್ತಿದರು. ಮೇಲೂ ಇಲ್ಲ, ಕೆಳಗೂ ಇಲ್ಲ. ಇಂಥ ಸಮಯಕ್ಕೆಂದೇ ಕೊಂಡಿಯಿಂದ ಒಂದು ಕೆಂಪು ಹಗ್ಗ ಇಳಿಬಿಟ್ಟಿರುತ್ತಾರೆ, ಅದನ್ನು ಎಳೆದರೆ ಬಾಗಿಲು ಬೆಲ್ಟಿನಿಂದ ಬಿಡಿಸಿಕೊಳ್ಳುತ್ತದೆ, ಕೈಯಲ್ಲೇ ಎತ್ತಬಹುದು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಅವರ ಮನೆಯಲ್ಲೂ ಅಂಥದೇ ಇದೆಯಂತೆ. ಮೂವರೂ ಮೇಲೆ ನೋಡಿದೆವು. ಕೊಂಡಿಯ ಬುಡದಲ್ಲಿ ಕೆಂಪು ಬಣ್ಣದ ಒಂದು ಮೋಟು ಮಾತ್ರ ಇತ್ತು.

"ಜೋತಾಡ್ತಿತ್ತು ಸಾರ್. ನೂಲಿನ ತುದಿ ಜೋತಾಡ್ತಿದ್ರೆ ನಂಗಾಗಲ್ಲ. ಬಂದ ದಿನಾನೇ ಕತ್ತರಿಸಿದೆ" ಎಂದರು ಭಾವ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಭಾವ ಮೇಜು ಹತ್ತಿ ಆ ಮೋಟನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಬೆಲ್ಟು ಅಷ್ಟು ಸೆಟೆದಿರುವಾಗ ಕೊಂಡಿ ಎಲ್ಲಿ ಬಿಡುತ್ತದೆ? ಆಗಲೇ ಅವರ ಕೈ ಬೆಲ್ಟಿಗೆ ತಾಗಿದ್ದು. ಬೆರಳಿಂದ ಒತ್ತಿ ನೋಡಿದರು. ಇನ್ನೊಂದು ಸಲ ಒತ್ತಿದರು. ಮೆಲ್ಲಗೆ ಕೆಳಗಿಳಿದು, ಬಾಗಿಲ ಬುಡದಲ್ಲಿ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿದರು. ಆಚೆ ಕಡೆ ಅಕ್ಕನೂ ಹಾಗೆಯೇ ಬಗ್ಗಿ ಇಣುಕುತ್ತಿದ್ದಳು. ಸ್ಪ್ಯಾನರ್ ಬೇಕಾಗುತ್ತದೆಂದು ಊಹಿಸಿ ಆಗಲೇ ತಂದಿದ್ದಳು.

"ಏ, ಬಿಡಲಿಲ್ವಾ ನೀನು?" ಎಂದರು ಭಾವ.

ಅಕ್ಕ ಏನನ್ನು ಎಂದು ಕೇಳಿದಳು. ಬೆಲ್ಟನ್ನು ಎಂದರು ಭಾವ. ನಾನ್ಯಾಕೆ ಬಿಡಲಿ ಎಂದಳು ಅಕ್ಕ.

"ಯಾವಾಗ್ಲೂ ಒಂದು ಬೆರಳು ಬಿಡ್ತೀಯಲ್ಲ. ಅದನ್ನ ಲೆಕ್ಕ ಹಾಕಿ ತಾನೇ ನಾನು ಒಂದು ಬೆರಳು ಜಾಸ್ತಿ ಬಿಗಿ ಮಾಡಿದ್ದು."

ನನ್ನ ಮಡಿಲಿಂದ ಗುಂಡಿ ಡಬ್ಬ ಜಾರಿ ಗುಂಡಿಗಳೆಲ್ಲ ಗ್ಯಾರೇಜಿನ ತುಂಬ ಓಡಿದವು. ಯಾರೂ ಹೆಕ್ಕಲಿಲ್ಲ. ಅಕ್ಕ ಇಪ್ಪತ್ತೆರಡು ವರ್ಷ ಹೆದರಿದ್ದ ಗಳಿಗೆ ಬಂದೇ ಬಂತು, ಇನ್ನು ಇವರು ಕತ್ತರಿಯನ್ನು ಡ್ರಾಯರಿಗೆ ಹಾಕಿ ಕೂತರೆ ನಲವತ್ತು ಕೋಟಿನ ಗತಿಯೇನು, ನಮ್ಮ ಅಕ್ಕನ ಗತಿಯೇನು ಎಂದು ನನಗೆ ಚಿಂತೆ ಹತ್ತಿತು. ಭಾವ ಕೈ ಚಾಚಿ ಸ್ಪ್ಯಾನರ್ ಕೇಳಿದರು. ಅದು ಬರಲಿಲ್ಲ.

"ಮೊದಲು ಹೇಳಿ. ಯಾವಾಗಿಂದ ಗೊತ್ತು ನಿಮಗೆ?" ಎಂದಳು ಅಕ್ಕ.

ಆಮೇಲೆ ಹೇಳುತ್ತೇನೆ, ಮೇಷ್ಟ್ರಿಗೆ ಹೊತ್ತಾಯಿತು ಎಂದರು ಭಾವ. ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. ಗಂಟೆ ಹೊಡೆಯಲು ಜವಾನ ಇದ್ದಾನೆ, ನೀವು ಪ್ರಶ್ನೆಗೆ ಉತ್ತರ ಹೇಳಿ ಎಂದರು.

ಭಾವ ನೆಲಕ್ಕೆ ಕೆನ್ನೆ ಹಚ್ಚಿದ ಹಾಗೆಯೇ ಹೇಳಿದರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

"ಮೊದಲನೇ ಸಲದಿಂದಾನೇ ಗೊತ್ತು. ನನ್ನ ಹೊಲಿಗೆ ನಂಗೆ ಗೊತ್ತಾಗಲ್ವಾ? ನಿನ್ನದು ಸ್ವಲ್ಪ ಬಲಕ್ಕೆ ವಾಲುತ್ತೆ. ಕೇಳೋಣ ಅಂತಾನೇ ಒಳಗೆ ಬಂದೆ. ನೀನು ಏನೋ ಗುನುಗ್ತಾ ಪಾತ್ರೆ ತೊಳೀತಿದ್ದೆ. ಮದುವೆಯಾಗಿ ಬಂದ ಮೇಲೆ ನೀನು ಗುನುಗಿದ್ದು ಅದೇ ಮೊದಲು. ಕೇಳೋಕೆ ಬಾಯಿ ಬರಲಿಲ್ಲ. ಆಮೇಲೆ ಸರಿಯಾಗಿ ಹೊಲಿಯೋದು ನಾನೂ ಕಲಿತೆ. ಆದ್ರೆ ನಾನು ಸರಿಯಾಗಿ ಹೊಲಿದು, ಅದರ ಮೇಲೆ ನೀನೂ ಒಂದು ಬೆರಳು ಬಿಟ್ರೆ, ಗಿರಾಕಿ ಚೀಲ ತೊಟ್ಟ ಹಾಗಾಗ್ತಿತ್ತು. ಅದಕ್ಕೇ ಒಂದು ಬೆರಳು ಬಿಗಿ ಹಿಡಿದೇ ಹೊಲಿದೆ."

ಅಂದರೆ ಬಿಗಿ ಟೈಲರ್ ಅನ್ನುವ ಹೆಸರನ್ನು ಈ ಮನುಷ್ಯ ಬೇಕೆಂದೇ ಹೊತ್ತುಕೊಂಡು ಓಡಾಡಿದ್ದಾರೆ. ಟ್ರಯಲ್‌ಗೆ ಬಂದವರೆಲ್ಲ ನಗುವಾಗ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ. ಮನೆಯಲ್ಲಿ ಮೂರು ಡಬ್ಬ ತುಂಬ ಗುಂಡಿ ಇದ್ದರೂ ಬಿಸಿಲಲ್ಲಿ ಒಂದೊಂದು ಗಂಟೆ ಪೇಟೆ ಸುತ್ತಿದ್ದಾರೆ, ಹೆಂಡತಿಗೆ ಬಿಡುವು ಸಿಗಲಿ ಎಂದು. ನನಗೆ ಅವರ ಮೇಲೆ ಮರುಕ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಹಾಗಾದರೆ ನಾನು ಕೆಮ್ಮಿದ್ದು ಯಾರಿಗಾಗಿ? ಕೇಳಿಯೇಬಿಟ್ಟೆ. ನೀನು ಕೆಮ್ಮುವ ತನಕ ತಿರುವಿನಲ್ಲೇ ನಿಂತಿರುತ್ತಿದ್ದೆ ಎಂದರು ಭಾವ. ಒಂದು ಸಲ ನನಗೆ ಮರೆತುಹೋಗಿ ಮಳೆಯಲ್ಲೇ ಕಾದಿದ್ದರಂತೆ.

ಬಾಗಿಲ ಕೆಳಗಿಂದ ಸ್ಪ್ಯಾನರ್ ಜಾರಿ ಬಂತು. ಅದರ ಜೊತೆ ಅಕ್ಕನ ಕೈಯೂ ಮಣಿಕಟ್ಟಿನ ತನಕ ಒಳಗೆ ಬಂತು. ಭಾವ ಸ್ಪ್ಯಾನರನ್ನು ಪಕ್ಕಕ್ಕಿಟ್ಟು ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಮೇಷ್ಟ್ರು ಗೋಡೆಯ ಮೇಲಿನ ಇಸ್ತ್ರಿ ವೈರನ್ನು ಬಹಳ ಗಮನವಿಟ್ಟು ನೋಡಿದರು.

ಆಮೇಲೆ ಭಾವ ಮೇಜು ಹತ್ತಿ ನಟ್ಟು ಸಡಿಲಿಸಿದರು. ಚೀಟಿಯಲ್ಲಿದ್ದ ಚಿತ್ರದ ಹಾಗೆ ಬೆಲ್ಟು ನಡುವಿನಲ್ಲಿ ಚೂರು ಇಳಿಯಿತು. ಗುಂಡಿ ಒತ್ತಿದರೆ ಬಾಗಿಲು ಸದ್ದಿಲ್ಲದೆ ಎದ್ದಿತು. ಮೇಷ್ಟ್ರು ಕೋಟು ತೊಟ್ಟುಕೊಂಡೇ ಶಾಲೆಗೆ ಓಡಿದರು, ಬ್ಯಾಂಡಿನ ಕೋಟುಗಳ ಬಟ್ಟೆ ನಾಳೆ ಕಳಿಸುತ್ತೇನೆ, ಇಬ್ಬರೂ ಸೇರಿಯೇ ಹೊಲಿಯಿರಿ ಎಂದು ಕೂಗಿ ಹೇಳಿದರು. ಅಕ್ಕ ಒಂದು ಕೆನ್ನೆಗೆ ಪೂರಾ ಮಣ್ಣು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಭಾವ ಇನ್ನೂ ಮೇಜಿನ ಮೇಲೇ ಇದ್ದರು. ಇಳಿಯಲು ನಾಚಿಕೆಯೋ ಏನೋ.

"ಇನ್ಮೇಲೆ ಸರಿ ಅಳತೆಗೇ ಹೊಲೀಲಾ?" ಎಂದು ಕೇಳಿದರು.

ಅಕ್ಕ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

"ಬೇಡ. ನೀವು ಹಿಡೀರಿ. ನಾನು ಬಿಡ್ತೀನಿ."

ಹೀಗಾಗಿ ಬ್ಯಾಂಡಿನ ನಲವತ್ತು ಕೋಟುಗಳನ್ನೂ ನಮ್ಮ ಗ್ಯಾರೇಜಿನಲ್ಲಿ ಎರಡೆರಡು ಸಲ ಹೊಲಿಯಲಾಯಿತು.